ಮಗಳಿಗೊಂದು ಪತ್ರ: ನೋಂದಣಿ ಕೈಗೆ ಬರುವ ಮೊದಲು

ಹಾಸನ

ಚಿ. ಸೌ. ಮಗಳಿಗೆ ನಿನ್ನ ತಾಯಿಯ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಟೆಕ್ಸಾಸ್‌ನಲ್ಲಿ ನಿನಗೆ ಕೆಲಸ ಮಾಡುವ ಅನುಮತಿ ಸಿಕ್ಕಿದೆಯೆಂದೂ, ಮನೆಗೆ ಹತ್ತಿರದ ದಂತ ಚಿಕಿತ್ಸಾಲಯದಲ್ಲಿ ಸಹಾಯಕಿಯಾಗಿ ಸೇರಿಕೊಂಡು ನೋಂದಣಿ ಪರೀಕ್ಷೆಗೆ ಓದುತ್ತಿದ್ದೀಯೆಂದೂ ತಿಳಿದು ನಿನ್ನ ಅಪ್ಪನಿಗಿಂತ ನನಗೇ ಹೆಚ್ಚು ಸಂತೋಷವಾಯಿತು. ಇಲ್ಲಿ ಬಿ.ಎಂ. ರಸ್ತೆಯ ಕ್ಲಿನಿಕ್ಕಿನಲ್ಲಿ ನಾನು ಇಷ್ಟು ವರ್ಷ ಮಾಡಿಕೊಂಡು ಬಂದದ್ದೂ ಇದೇ ಕೆಲಸವಲ್ಲವೇ? ಆದರೆ ನನ್ನನ್ನು ಸೇರಿಸಿಕೊಳ್ಳುವಾಗ ಯಾರೂ ಪರವಾನಗಿ ಕೇಳಲಿಲ್ಲ, ಕೇಳುವಂತೆಯೂ ಇರಲಿಲ್ಲ. ನಮ್ಮ 1948ರ ದಂತವೈದ್ಯರ ಕಾಯ್ದೆಯು ವೈದ್ಯರ ಜೊತೆಗೆ ಹಲ್ಲು ಶುಚಿ ಮಾಡುವ ಡೆಂಟಲ್ ಹೈಜೀನಿಸ್ಟರಿಗೂ ಕಟ್ಟುಹಲ್ಲು ತಯಾರಿಸುವ ಡೆಂಟಲ್ ಮೆಕ್ಯಾನಿಕ್‌ಗಳಿಗೂ ನೋಂದಣಿಯನ್ನು ಗೊತ್ತುಮಾಡಿತೇ ಹೊರತು, ಕುರ್ಚಿಯ ಪಕ್ಕ ನಿಂತು ಬಾಯಿಯ ಎಂಜಲು ನೀರನ್ನು ಎಳೆಯುವ ಸಕ್ಷನ್ ಕೊಳವೆ ಹಿಡಿಯುವವರಿಗೆ ಅದರಲ್ಲಿ ಜಾಗವನ್ನೇ ಇಡಲಿಲ್ಲ.

ಹೀಗಿರುವುದರಿಂದಲೇ ಮೊನ್ನೆ ಫೋನಿನಲ್ಲಿ ನೀನು ಆಡಿದ ಮಾತು ನನ್ನ ತಲೆಯಲ್ಲಿ ಉಳಿದುಕೊಂಡಿದೆ. ಎಕ್ಸ್‌ರೇ ಎಂದರೆ ಸೆನ್ಸರನ್ನು ಬಾಯಲ್ಲಿಟ್ಟು ಗುಂಡಿ ಒತ್ತುವುದು ತಾನೇ, ಅದು ನನಗೆ ಬರುತ್ತದೆ, ನೋಂದಣಿ ಬರುವತನಕ ಕಾಯಬೇಕೇ ಎಂದು ಕೇಳಿದೆ. ಕಾಯಲೇಬೇಕು. ನೀನೇ ಕಳುಹಿಸಿದ ನಿಯಮಗಳನ್ನು ನಿನ್ನ ಅಪ್ಪ ಓದಿ ಹೇಳಿದ ಪ್ರಕಾರ, ಆ ರಾಜ್ಯದಲ್ಲಿ ಟ್ರೇ ಜೋಡಿಸುವುದಕ್ಕಾಗಲಿ, ಸಕ್ಷನ್ ಹಿಡಿಯುವುದಕ್ಕಾಗಲಿ ನೋಂದಣಿ ಬೇಕಿಲ್ಲ. ಎಕ್ಸ್‌ರೇ ತೆಗೆಯುವುದಕ್ಕೆ ಮಾತ್ರ ದಂತ ಮಂಡಳಿಯ ನೋಂದಣಿ ಇರಲೇಬೇಕು. ವೈದ್ಯರೇ ಪಕ್ಕದಲ್ಲಿ ನಿಂತು ಒತ್ತು ಎಂದರೂ, ನೋಂದಣಿ ಇನ್ನೂ ಬಂದಿಲ್ಲ ಎಂದು ವಿನಯದಿಂದಲೇ ಹೇಳಿ ಹಿಂದೆ ಸರಿ. ನಮ್ಮೂರಿನ ಅಭ್ಯಾಸದಲ್ಲಿ ದೊಡ್ಡವರು ಹೇಳಿದ್ದಕ್ಕೆ ಇಲ್ಲವೆನ್ನುವುದು ಕಷ್ಟ, ಅದು ನನಗೂ ಗೊತ್ತು.

ಆ ನೋಂದಣಿಗೆ ಬೇಕಾದದ್ದು ವಿಕಿರಣ, ಸೋಂಕು ನಿಯಂತ್ರಣ, ಆ ರಾಜ್ಯದ ಕಾನೂನು, ಈ ಮೂರನ್ನು ಕುರಿತು ಪಾಠ ಮತ್ತು ಪರೀಕ್ಷೆ. ಅದರ ಜೊತೆಗೆ ಬೆರಳಚ್ಚು ಕೊಟ್ಟು ಪೂರ್ವಾಪರ ತಪಾಸಣೆ, ಮತ್ತು ಗೊಂಬೆಯ ಎದೆಯನ್ನು ಕೈಯಾರೆ ಒತ್ತಿ ಕಲಿಯುವ ಜೀವರಕ್ಷಣೆಯ ತರಬೇತಿ. ಈ ಕೊನೆಯದನ್ನು ಕಂಪ್ಯೂಟರಿನ ಮುಂದೆ ಕುಳಿತು ಮುಗಿಸಿದರೆ ಒಪ್ಪುವುದಿಲ್ಲವಂತೆ, ಒಪ್ಪಬಾರದು ಕೂಡ. ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಎರಡು ನಿಮಿಷ ಒತ್ತಿದರೆ ಬೆನ್ನು ಏನಾಗುತ್ತದೆಂಬುದು ಒತ್ತಿದವರಿಗೇ ಗೊತ್ತು.

ಓದಿನಲ್ಲಿ ನೀನು ಹಿಂದೆ ಬೀಳುವವಳಲ್ಲ. ಚಿಕ್ಕಂದಿನಲ್ಲಿ ಶಾಲೆ ಬಿಟ್ಟ ಮೇಲೆ ಕ್ಲಿನಿಕ್ಕಿಗೆ ಬಂದು ಕುಳಿತು, ನನ್ನಿಂದ ಕೇಳಿ ಕಲಿತದ್ದೇ ನಿನಗೆ ಅಡ್ಡಿಯಾದೀತೆಂದು ನನಗೆ ಅಳುಕು. ಹಲ್ಲಿನ ಲೆಕ್ಕವನ್ನೇ ತೆಗೆದುಕೋ. ನಾವು ಬಾಯಿಯನ್ನು ನಾಲ್ಕು ಭಾಗ ಮಾಡಿ, ರೋಗಿಯ ಬಲಮೇಲಿನ ಭಾಗಕ್ಕೆ 1, ಎಡಮೇಲಿನದಕ್ಕೆ 2, ಎಡಕೆಳಗಿನದಕ್ಕೆ 3, ಬಲಕೆಳಗಿನದಕ್ಕೆ 4 ಎಂದು ಹಾಕಿ, ಮುಂದಿನ ಹಲ್ಲಿನಿಂದ ಹಿಂದಕ್ಕೆ ಒಂದರಿಂದ ಎಂಟರವರೆಗೆ ಎಣಿಸುತ್ತೇವೆ. ಹಾಗಾಗಿ ನಮ್ಮ 16 ಎಂದರೆ ಬಲಮೇಲಿನ ಮೊದಲ ದೊಡ್ಡ ದವಡೆ ಹಲ್ಲು. ಅಮೆರಿಕದವರು ಬಲಮೇಲಿನ ಬುದ್ಧಿಹಲ್ಲಿಗೆ 1 ಕೊಟ್ಟು, ಸಾಲಾಗಿ ಎಡಗಡೆಯ ಬುದ್ಧಿಹಲ್ಲಿಗೆ 16 ಮುಟ್ಟಿಸಿ, ಅದರ ಕೆಳಗಿನದಕ್ಕೆ 17 ಎಂದು ಇಳಿದು, ಬಲಕೆಳಗಿನ ಕೊನೆಯ ಹಲ್ಲಿಗೆ 32ರಲ್ಲಿ ನಿಲ್ಲಿಸುತ್ತಾರೆ. ಆ ವೈದ್ಯರು ಹದಿನಾರು ಎಂದಾಗ ನಿನ್ನ ಕೈ ನನ್ನ ಹದಿನಾರರ ಕಡೆ ಹೋದರೆ ಬಾಯಿಯ ಒಂದು ಮಗ್ಗುಲೇ ತಪ್ಪಿಹೋಯಿತು! ನಮ್ಮ 16 ಅವರಿಗೆ 3, ನಮ್ಮ 36 ಅವರಿಗೆ 19. ಈ 36 ನಿನಗೆ ನೆನಪಿರಬೇಕು: ಆರು ವರ್ಷಕ್ಕೆ ಹುಟ್ಟುವ ಆ ಹಲ್ಲನ್ನು ಹಾಲುಹಲ್ಲೆಂದೇ ತಿಳಿದು, ಬಿದ್ದು ಬೇರೆ ಬರುತ್ತದೆ ಬಿಡಿ ಎನ್ನುತ್ತಾ, ಸಕಲೇಶಪುರದ ಕಡೆಯ ತಾಯಂದಿರು ಪೂರ್ತಿ ಹುಳುಕಾದ ಮೇಲೆ ಮಕ್ಕಳನ್ನು ಕರೆತರುತ್ತಿದ್ದರು. ಹಾಲುಹಲ್ಲಿಗಂತೂ ಅಲ್ಲಿ ಅಂಕಿಯೇ ಇಲ್ಲ, ಇಂಗ್ಲಿಷಿನ ಎ ಇಂದ ಟಿ ವರೆಗಿನ ಅಕ್ಷರಗಳು. ಕೆಲವು ತಿಂಗಳ ಮಟ್ಟಿಗೆ ನಮ್ಮ ಲೆಕ್ಕವನ್ನು ಬಾಯಲ್ಲಿ ಆಡಲೇಬೇಡ.

ಸೋಂಕು ನಿಯಂತ್ರಣದ ಪಾಠದಲ್ಲಿ ನಿನಗೆ ಹೊಸದಾಗಿ ಕಾಣುವುದು ಆಟೋಕ್ಲೇವಿನ, ಅಂದರೆ ಉಪಕರಣಗಳನ್ನು ಹಬೆಯಲ್ಲಿ ಶುದ್ಧಿ ಮಾಡುವ ಯಂತ್ರದ, ಸ್ಪೋರ್ (ಬೀಜಕಣ) ಪರೀಕ್ಷೆ. ಉಪಕರಣಗಳ ಪೊಟ್ಟಣದ ಮೇಲಿನ ಪಟ್ಟಿ ಬಣ್ಣ ತಿರುಗಿದರೆ ಕೆಲಸ ಆಯಿತೆಂದು ಎಷ್ಟೋ ಕಡೆ ತಿಳಿಯುತ್ತಾರೆ. ಆ ಬಣ್ಣ ಹೇಳುವುದು ಪೊಟ್ಟಣಕ್ಕೆ ಬಿಸಿ ತಗುಲಿತು ಎಂಬುದನ್ನಷ್ಟೇ. ಸೂಕ್ಷ್ಮಾಣು ಸತ್ತಿತೇ ಎಂಬುದನ್ನು ಅದು ಹೇಳಲಾರದು. ಅದಕ್ಕಾಗಿ ಬಹಳ ಗಟ್ಟಿ ಜೀವದ ಬ್ಯಾಕ್ಟೀರಿಯಾದ ಬೀಜಕಣಗಳನ್ನು ಉಪಕರಣಗಳ ಜೊತೆಯಲ್ಲೇ ಒಳಗಿಟ್ಟು, ಆಮೇಲೆ ಅವು ಬೆಳೆಯುತ್ತವೆಯೇ ಎಂದು ನೋಡಬೇಕು. ವಾರಕ್ಕೊಮ್ಮೆಯಾದರೂ ಇದನ್ನು ಮಾಡಬೇಕೆಂಬುದು ಅಲ್ಲಿನ ರೋಗ ನಿಯಂತ್ರಣ ಕೇಂದ್ರದ ಸೂಚನೆ. ಫಲಿತಾಂಶದ ಪುಸ್ತಕವನ್ನು ಬರೆದಿಡುವ ಕೆಲಸ ಸಾಮಾನ್ಯವಾಗಿ ಸಹಾಯಕಿಯ ಪಾಲಿಗೇ ಬರುತ್ತದೆ. ಬಂದರೆ ಬೇಸರಪಡದೆ ಒಪ್ಪಿಕೋ. ಇನ್ನು, ರಕ್ತ ಒಣಗಿದ ಉಪಕರಣವನ್ನು ತಿಕ್ಕಿ ತೊಳೆಯದೆ ಒಳಗಿಟ್ಟರೆ ಹಬೆ ಅದರ ಮೈಗೆ ಮುಟ್ಟುವುದಿಲ್ಲ ಎಂದು ನಾನು ಹೇಳಿಕೊಟ್ಟದ್ದು ಯಾವ ದೇಶದಲ್ಲಾದರೂ ನಡೆಯುತ್ತದೆ.

ಹೆಪಟೈಟಿಸ್ ಬಿ ಲಸಿಕೆಯ ವಿಷಯ ನೀನು ಏನನ್ನೂ ಬರೆದಿಲ್ಲ. ರಕ್ತದ ಸಂಪರ್ಕವಿರುವ ಕೆಲಸಕ್ಕೆ ಸೇರಿದವರಿಗೆ ಹತ್ತು ಕೆಲಸದ ದಿನಗಳೊಳಗೆ ಅದನ್ನು ಉಚಿತವಾಗಿ ಕೊಡಿಸಲು ಮುಂದಾಗುವುದು ಅಲ್ಲಿ ಮಾಲೀಕರ ಹೊಣೆ. ಹಾಗಾಗಿ ಕೇಳಲು ಸಂಕೋಚಪಡಬೇಡ. ನಿನ್ನ ಹಳೆಯ ಲಸಿಕೆ ಚೀಟಿ ಬೀರುವಿನಲ್ಲಿ ಸಿಕ್ಕಿದೆ, ಆದರೆ ಅದರಲ್ಲಿ ಎರಡು ಡೋಸಿನ ಗುರುತು ಮಾತ್ರ ಇದೆ. ಅದರ ಮತ್ತು ಪಿಯುಸಿ ಅಂಕಪಟ್ಟಿಯ ಪ್ರತಿಯನ್ನು ಅಪ್ಪ ಈ ವಾರವೇ ಕಳುಹಿಸುತ್ತಾರೆ. ಲಸಿಕೆ ಚೀಟಿಯನ್ನು ಅಲ್ಲಿನ ವೈದ್ಯರಿಗೆ ತೋರಿಸಿ, ಮೂರನೆಯ ಡೋಸು ಬೇಕೇ, ರಕ್ತಪರೀಕ್ಷೆ ಸಾಕೇ ಎಂದು ಕೇಳಿ ನನಗೆ ತಿಳಿಸು.

ಅಳಿಯಂದಿರಿಗೆ ನಮ್ಮ ಆಶೀರ್ವಾದಗಳು.

ಇಂತಿ,
ನಿನ್ನ ಅಮ್ಮ