ಎಲ್ಲ ಮೋಸವೂ ದ್ರೋಹವಲ್ಲ

ಮಾನ್ಯ ಸಂಪಾದಕರೇ,

ಸಾಲ ಮಾಡಿ ತಲೆಮರೆಸಿಕೊಂಡವನು ದ್ರೋಹಿ, ಪಕ್ಷ ಬಿಟ್ಟ ಶಾಸಕ ದ್ರೋಹಿ, ಪ್ರೀತಿಸಿದವಳನ್ನು ಬಿಟ್ಟು ಬೇರೆ ಮದುವೆಯಾದವನೂ ದ್ರೋಹಿ. ಸರ್ಕಾರವನ್ನು ಟೀಕಿಸಿದವನಂತೂ ನೇರವಾಗಿ ದೇಶದ್ರೋಹಿ. ನಮ್ಮ ಪತ್ರಿಕೆಗಳ ತಲೆಬರಹಗಳಲ್ಲಿ ಈ ಒಂದು ಪದದ ಮೇಲೆ ಇಷ್ಟೆಲ್ಲ ಹೊರೆ ಬಿದ್ದಿದೆ. ಎರಡೇ ಅಕ್ಷರ, ಕಿರಿದಾದ ಕಾಲಂನಲ್ಲೂ ಹಿಡಿಸುತ್ತದೆ ಎಂಬ ಅನುಕೂಲ ಅರ್ಥವಾಗುತ್ತದೆ. ಆದರೆ ವಂಚನೆ, ಮೋಸ, ದಗಾ, ಪಿತೂರಿ, ವಿಶ್ವಾಸಘಾತ ಎಂಬ ಪದಗಳು ಒಂದರ ಬದಲು ಒಂದನ್ನು ಇಡಬಹುದಾದ ಪದಗಳಲ್ಲ.

ದ್ರೋಹದ ಧಾತು ಸಂಸ್ಕೃತದ ‘ದ್ರುಹ್’. ಸಂಸ್ಕೃತ ಧಾತುಗಳ ಹಳೆಯ ಪಟ್ಟಿಯಾದ ಧಾತುಪಾಠ ಇದಕ್ಕೆ ಕೊಡುವ ಅರ್ಥ ‘ಜಿಘಾಂಸಾ’, ಅಂದರೆ ಕೊಲ್ಲುವ, ಕೇಡು ಮಾಡುವ ಇಚ್ಛೆ. ಕೇಡಿಗಿಂತ ಮೊದಲು ಕೇಡಿನ ಎಣಿಕೆ ಇದೆ ಎಂಬುದು ಇಲ್ಲಿ ಮುಖ್ಯ. ಕನ್ನಡದ ಕಿವಿ ಇದನ್ನು ಚೆನ್ನಾಗಿಯೇ ಹಿಡಿದಿದೆ. ಮೋಸವನ್ನು ಮಾಡುತ್ತೇವೆ, ದ್ರೋಹವನ್ನು ಬಗೆಯುತ್ತೇವೆ. ‘ಬಗೆ’ ಎಂದರೆ ಮನಸ್ಸಿನಲ್ಲಿ ಎಣಿಸು. ಸಂಸ್ಕೃತದ ಹಂಗಿಲ್ಲದೆ ಇದೇ ಭಾವವನ್ನು ಹೇಳುವ ಮಾತೂ ನಮ್ಮಲ್ಲಿದೆ: ‘ಉಂಡ ಮನೆಗೆ ಎರಡು ಬಗೆಯುವುದು’. ಬಾಯಲ್ಲಿ ಒಂದು, ಮನಸ್ಸಿನಲ್ಲಿ ಇನ್ನೊಂದು.

ಈ ಧಾತುವಿನ ದಾಯಾದಿಗಳು ದೂರದಲ್ಲೂ ಇದ್ದಾರೆ. ಪ್ರಾಚೀನ ಪರ್ಷಿಯನ್ನಿನಲ್ಲಿ ‘ದ್ರೌಗ’ ಎಂದರೆ ಸುಳ್ಳು. ಕ್ರಿ.ಪೂ. 6ನೇ ಶತಮಾನದ ಕೊನೆಯ ಭಾಗದ ಇರಾನಿನ ಬೆಹಿಸ್ತೂನ್ ಬಂಡೆ ಶಾಸನದಲ್ಲಿ ಪರ್ಷಿಯದ ದೊರೆ ಡೇರಿಯಸ್ ತನ್ನ ವಿರುದ್ಧ ಎದ್ದವರನ್ನು ಒಬ್ಬೊಬ್ಬರನ್ನಾಗಿ ಹೆಸರಿಸಿ ‘ಇವನು ಸುಳ್ಳಾಡಿದ’ ಎನ್ನುತ್ತಾನೆ. ಜರ್ಮನ್ನಿನಲ್ಲಿ ವಂಚನೆಗೆ ಇರುವ ‘ಬೆಟ್ರೂಗ್’ ಕೂಡ ಇದೇ ಬಳ್ಳಿಯದು. ಇರಾನಿನ ಕಡೆ ಸುಳ್ಳಾದದ್ದು ನಮ್ಮಲ್ಲಿ ಹಗೆಯಾಗಿ ಉಳಿಯಿತು.

ದ್ರೋಹಕ್ಕೆ ಒಂದು ನಂಟು ಬೇಕು. ಸಮಾಸದ ಮೊದಲ ಪದವೇ ಆ ನಂಟು ಯಾವುದೆಂದು ಹೇಳುತ್ತದೆ: ಮಿತ್ರದ್ರೋಹ, ಸ್ವಾಮಿದ್ರೋಹ, ಗುರುದ್ರೋಹ. ಭಗವದ್ಗೀತೆಯ ಮೊದಲ ಅಧ್ಯಾಯದಲ್ಲಿ ಅರ್ಜುನ ಪಾತಕವೆಂದು ಹೇಳುವುದು ಮಿತ್ರದ್ರೋಹವನ್ನು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನಿಗೆ ‘ದ್ರೋಹಘರಟ್ಟ’ ಎಂಬ ಬಿರುದಿತ್ತು. ಘರಟ್ಟ ಎಂದರೆ ಬೀಸುವ ಕಲ್ಲು, ಅಂದರೆ ದ್ರೋಹಿಗಳನ್ನು ಅರೆದುಹಾಕುವವನು. ಹೊರಗಿನ ಶತ್ರು ಎಷ್ಟೇ ಕ್ರೂರಿಯಾಗಲಿ, ಅವನು ದ್ರೋಹಿ ಅಲ್ಲ. ಹೀಗಿರುವಾಗ, ಗುರುತು ಪರಿಚಯವಿಲ್ಲದವನೊಬ್ಬ ಫೋನ್ ಮಾಡಿ ಒಟಿಪಿ ಕೇಳಿ ಹಣ ಲಪಟಾಯಿಸಿದರೆ ಅದು ದ್ರೋಹ ಹೇಗಾದೀತು? ಅದು ವಂಚನೆ. ‘ವಂಚ್’ ಧಾತುವಿನಲ್ಲಿ ಡೊಂಕಾಗಿ ಸಾಗುವ ಅರ್ಥವಿದೆ, ‘ವಕ್ರ’ ಪದವೂ ಅಲ್ಲಿಂದಲೇ ಬಂದದ್ದು. ಅಲ್ಲಿ ಹಳೆಯ ನಂಟು ಬೇಕಿಲ್ಲ, ದಾರಿ ತಪ್ಪಿಸಿದರೆ ಸಾಕು.

ಕಾನೂನು ಕೂಡ ಹೆಚ್ಚುಕಡಿಮೆ ಇದೇ ಗೆರೆ ಎಳೆಯುತ್ತದೆ. ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂ ನಂಬಿಕೆದ್ರೋಹದ್ದು, 318ನೇ ಕಲಂ ವಂಚನೆಯದು. ಹಳೆಯ ದಂಡ ಸಂಹಿತೆಯಲ್ಲಿ ಇವು 405, 415ರಿಂದ ಶುರುವಾಗುತ್ತಿದ್ದವು, ಎಲ್ಲರ ಬಾಯಲ್ಲಿರುವ 420 ಈಗ 318(4). ವರದಿಗಾರರು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಕೆಟ್ಟ ಉದ್ದೇಶ ಹುಟ್ಟಿದ್ದು ಯಾವಾಗ? ಹಣ ಪಡೆಯುವ ಮೊದಲೇ ಸುಳ್ಳು ಹೇಳಿ ನಂಬಿಸಿದ್ದರೆ ವಂಚನೆ. ಜೋಪಾನವಾಗಿಡಲೆಂದು ಒಪ್ಪಿಸಿದ ಒಡವೆಯನ್ನು ಆಮೇಲೆ ಮಾರಿಕೊಂಡರೆ ನಂಬಿಕೆದ್ರೋಹ. ಒಂದೇ ಸಂಗತಿಯ ಮೇಲೆ ಇವೆರಡೂ ಒಟ್ಟಿಗೆ ನಿಲ್ಲಲಾರವು ಎಂದು ಸುಪ್ರೀಂ ಕೋರ್ಟ್ 2024ರ ಆಗಸ್ಟ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೂ ಎಫ್‌ಐಆರ್‌ಗಳಲ್ಲಿ ಎರಡನ್ನೂ ಜೋಡಿಸುವ ರೂಢಿ ಇದೆ, ವರದಿಯಲ್ಲೂ ಅದು ಹಾಗೆಯೇ ಇಳಿಯುತ್ತದೆ. ಇನ್ನು, ಪ್ರಾಮಾಣಿಕವಾಗಿ ಸಾಲ ಪಡೆದು ತೀರಿಸಲಾಗದೆ ಹೋದವನು ಇವೆರಡರಲ್ಲಿ ಯಾವುದೂ ಅಲ್ಲ. ಅದು ಸಿವಿಲ್ ವ್ಯಾಜ್ಯ.

ಇಂಗ್ಲಿಷಿನಿಂದ ಅನುವಾದಿಸುವಾಗ ತೊಡಕು ಇನ್ನೊಂದು ಬಗೆಯದು. ಅವರ ‘ಬಿಟ್ರೇಯಲ್’ ನಮ್ಮ ವಿಶ್ವಾಸಘಾತದಂತೆ ಹೊಡೆತದಿಂದ ಹುಟ್ಟಿದ್ದಲ್ಲ, ಕೊಡುವುದರಿಂದ ಹುಟ್ಟಿದ್ದು. ಅದರ ಹಿಂದೆ ಲ್ಯಾಟಿನ್ನಿನ ‘ತ್ರಾದೆರೆ’ ಇದೆ, ಅಂದರೆ ಕೈದಾಟಿಸು, ಒಪ್ಪಿಸಿಬಿಡು. ಅದರೊಳಗಿನ ‘ದಾರೆ’ಯೂ ನಮ್ಮ ‘ದಾನ’ದ ‘ದಾ’ ಧಾತುವೂ ಸಂಬಂಧಿಗಳು. ತಲೆಮಾರಿನಿಂದ ತಲೆಮಾರಿಗೆ ಒಪ್ಪಿಸುವ ‘ಟ್ರೆಡಿಷನ್’ ಮತ್ತು ಶತ್ರುವಿಗೆ ಒಪ್ಪಿಸುವ ‘ಟ್ರೀಸನ್’ ಎರಡೂ ಆ ಲ್ಯಾಟಿನ್ ಪದದ ಮಕ್ಕಳೇ. ಕ್ರಿ.ಶ. 303ರಲ್ಲಿ ರೋಮ್ ಚಕ್ರವರ್ತಿ ಡಯೋಕ್ಲೀಷಿಯನ್ ಕ್ರೈಸ್ತರ ಮೇಲೆ ಕೈಮಾಡಿದಾಗ ತಮ್ಮ ಪವಿತ್ರ ಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿದವರನ್ನು ‘ತ್ರಾದಿತೋರೆಸ್’ ಎಂದು ಹೀಗಳೆದರು. ಯೇಸುವನ್ನು ಯೂದ ‘ಹಿಡಿದುಕೊಟ್ಟ’ ಎನ್ನುವ ಕನ್ನಡದ ಮಾತು ಮೂಲ ಗ್ರೀಕಿನ ಅರ್ಥಕ್ಕೆ ದ್ರೋಹಕ್ಕಿಂತ ಹತ್ತಿರವಾಗಿದೆ. ನಿಜಕ್ಕೂ ಒಳ್ಳೆಯ ಆಯ್ಕೆ.

ಇದೇ ಪದದ ಇಂಗ್ಲಿಷ್ ಕ್ರಿಯಾರೂಪ ‘ಬಿಟ್ರೇ’ಗೆ ‘ಬಯಲು ಮಾಡು’ ಎಂಬ ಅರ್ಥವೂ ಇದೆ. ಯಂತ್ರಾನುವಾದ ಎಡವುವುದು ಇಲ್ಲೇ. ‘ಅವನ ಮುಖ ಭಯಕ್ಕೆ ದ್ರೋಹ ಮಾಡಿತು’ ಎಂದರೆ ಕನ್ನಡದಲ್ಲಿ ಏನೂ ಹೇಳಿದಂತಾಗಲಿಲ್ಲ. ‘ಅವನ ಭಯ ಮುಖದಲ್ಲೇ ಕಾಣುತ್ತಿತ್ತು’ ಎಂದರೆ ಮುಗಿಯಿತು.

ಹಿಂದಿಯಿಂದ ಬರುವ ಸುದ್ದಿಯಲ್ಲಿ ‘ವಿದ್ರೋಹ’ ಕಂಡರೆ ಅದು ದಂಗೆ, ಬಂಡಾಯ. ಬಹಿರಂಗವಾಗಿ ಎದುರು ನಿಂತವನನ್ನು ಬೆನ್ನಿಗೆ ಇರಿದವನ ಸಾಲಿಗೆ ಸೇರಿಸಬಾರದು. ‘ದಗಾ’ ಪಾರ್ಸಿಯಿಂದ ಬಂದದ್ದು, ಆಡುಮಾತಿನ ವರದಿಗೆ ಚೆನ್ನಾಗಿ ಒಪ್ಪುತ್ತದೆ. ‘ಪಿತೂರಿ’ ನಮ್ಮಲ್ಲಿ ಒಳಸಂಚು. ಮರಾಠಿಯಲ್ಲಿ ‘ಫಿತೂರ್’ ಎಂದರೆ ಶತ್ರುವಿನ ಕಡೆ ವಾಲಿದವನು, ನ್ಯಾಯಾಲಯದಲ್ಲಿ ತಿರುಗಿಬಿದ್ದ ಸಾಕ್ಷಿಗೂ ಅಲ್ಲಿನ ಪತ್ರಿಕೆಗಳು ಅದನ್ನೇ ಬಳಸುತ್ತವೆ. ಶಾಸಕರ ವಿಷಯಕ್ಕೆ ‘ಪಕ್ಷಾಂತರ’ ಸಾಕು. ದ್ರೋಹವೋ ಅಲ್ಲವೋ ಎಂಬ ತೀರ್ಪು ಸಂಪಾದಕೀಯಕ್ಕೆ ಇರಲಿ, ಸುದ್ದಿಗೆ ಬೇಡ.

ಅತ್ಯಂತ ಅಪಾಯದ ಗೊಂದಲ ರಾಜದ್ರೋಹ ಮತ್ತು ದೇಶದ್ರೋಹಗಳದು. 1870ರಲ್ಲಿ ದಂಡ ಸಂಹಿತೆಗೆ ಸೇರಿದ 124ಎ ಕಲಂ ಸರ್ಕಾರದ ವಿರುದ್ಧ ಅಪ್ರೀತಿ ಹುಟ್ಟಿಸುವುದನ್ನು ಕುರಿತದ್ದಾಗಿತ್ತು. ಆದ್ದರಿಂದ ಅದು ರಾಜದ್ರೋಹ. ಸುಪ್ರೀಂ ಕೋರ್ಟ್ 2022ರ ಮೇ 11ರಂದು ಅದನ್ನು ತಡೆಹಿಡಿಯಿತು. 2024ರ ಜುಲೈ 1ರಿಂದ ಹೊಸ ಸಂಹಿತೆ ಜಾರಿಗೆ ಬಂದಿದೆ. ಅದರ 152ನೇ ಕಲಂ ದೇಶದ ಸಾರ್ವಭೌಮತೆ, ಏಕತೆ, ಅಖಂಡತೆಗೆ ಅಪಾಯ ತರುವ ಕೃತ್ಯಗಳದು. ಕಾನೂನುಬದ್ಧ ದಾರಿಯಲ್ಲಿ ಬದಲಾವಣೆ ಬಯಸಿ ಸರ್ಕಾರದ ಕ್ರಮಗಳನ್ನು ಖಂಡಿಸುವುದಕ್ಕೆ ಅದರ ವಿವರಣೆಯಲ್ಲೇ ಜಾಗವಿದೆ. ಆರೋಪಪಟ್ಟಿಯಲ್ಲಿರುವ ಕಲಮಿನ ಸಂಖ್ಯೆ ನೋಡಿ, ಅದರಲ್ಲಿ ಇರುವಷ್ಟನ್ನೇ ಬರೆದರೆ ಆರೋಪಿಗೂ ಓದುಗರಿಗೂ ಅನ್ಯಾಯವಾಗದು.

ಕೊನೆಗೆ ಪುಟ ತಿದ್ದುವವರಿಗೆ ಎರಡು ಮಾತು. ‘ವಿಶ್ವಾಸಘಾತುಕ ಮಾಡಿದ’ ಎಂಬುದು ತಪ್ಪು. ಕೃತ್ಯ ವಿಶ್ವಾಸಘಾತ, ಅದನ್ನು ಮಾಡಿದವನು ವಿಶ್ವಾಸಘಾತುಕ. ಆ ಘಾತಕ್ಕೂ ‘ಕೃತಘ್ನ’ದ ಘ್ನಕ್ಕೂ ಮೂಲ ಒಂದೇ, ‘ಹನ್’ ಎಂದರೆ ಹೊಡೆ, ಕೊಲ್ಲು. ಸನ್ಮಾನ ಸಮಾರಂಭದ ವರದಿಗಳಲ್ಲಿ ಜ್ಞ ಇರಬೇಕಾದ ಕಡೆ ಘ್ನ ಬಿದ್ದು, ಗಣ್ಯರು ‘ಕೃತಘ್ನತೆ ಸಲ್ಲಿಸಿದರು’ ಎಂದಾಗದಂತೆ ಒಮ್ಮೆ ಕಣ್ಣಾಡಿಸಿ.

ಇಂತಿ,
ತಮ್ಮ ಓದುಗ