ನಿನ್ನ ತಮ್ಮನ ಹೆಸರಲ್ಲಿ ನಾನು ಹೇಳಿದ ಸುಳ್ಳು

ಡೊಂಬಿವಲಿ
ಭಾನುವಾರ ರಾತ್ರಿ

ಮಾರಾಯ,

ಫೋನಿನಲ್ಲೇ ಹೇಳಿಬಿಡೋಣ ಅಂತ ಈ ವಾರ ಮೂರು ಸಲ ನಿನಗೆ ಫೋನ್ ಮಾಡಿದೆ. ಮೂರು ಸಲವೂ ಪುಣೆಯ ಮಳೆ, ಹಿಂಜೆವಾಡಿಯ ಟ್ರಾಫಿಕ್ಕು, ನಿನ್ನ ಮ್ಯಾನೇಜರ್ ಅಂತ ಏನೇನೋ ಮಾತಾಡಿ ಇಟ್ಟೆ. ಬಾಯಲ್ಲಿ ಬರುವುದಿಲ್ಲ ಅಂತ ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸುಳ್ಳಿನ ವಿಷಯ. ಜರ್ಮನಿಗೆ ಅರ್ಜಿ ಹಾಕುವಾಗ 'ಅಂಗವಿಕಲ ಮಕ್ಕಳ ಜೊತೆ ಯಾಕೆ ಕೆಲಸ ಮಾಡಬೇಕು ಅನ್ನಿಸಿತು' ಅಂತ ಒಂದು ಪುಟ ಬರೆದುಕೊಡಬೇಕು. ಕಾಲಾ ಘೋಡಾದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಭಾಷೆಯ ಕ್ಲಾಸು ಮುಗಿಸಿ, ವಾಪಸ್ ಬರುವಾಗ ಲೋಕಲ್‌ನಲ್ಲಿ ನಿಂತುಕೊಂಡೇ ಮೊಬೈಲಿನಲ್ಲಿ ಬರೆದೆ. 'ನಮ್ಮ ಬಿಲ್ಡಿಂಗಿನಲ್ಲಿ ನನ್ನ ಗೆಳೆಯನ ತಮ್ಮನಿಗೆ ಸೆರೆಬ್ರಲ್ ಪಾಲ್ಸಿ ಇದೆ, ಮೆದುಳಿನ ತೊಂದರೆಯಿಂದ ಕೈಕಾಲು ಅವನ ಮಾತು ಕೇಳುವುದಿಲ್ಲ. ಅವನ ಜೊತೆ ಆಡಿ ಬೆಳೆದವನು ನಾನು. ಎಷ್ಟೋ ಸಲ ಊಟ ಮಾಡಿಸಿದ್ದೇನೆ.'

ನಿನಗೆ ಗೊತ್ತಲ್ಲ ನಿಜ ಏನು ಅಂತ. ನಿಮ್ಮ ಮನೆಗೆ ಬಂದರೆ ಹೊಸ್ತಿಲಲ್ಲೇ ನಿಂತು 'ಬ್ಯಾಟ್ ತಗೊಂಡು ಬಾರೋ' ಅಂತ ಕೂಗುತ್ತಿದ್ದೆ. ಒಳಗೆ ಬಂದರೆ ಅವನು ನನ್ನ ಶರ್ಟು ಹಿಡಿದುಕೊಳ್ಳುತ್ತಿದ್ದ. ಕೈಯೆಲ್ಲ ಜೊಲ್ಲು. ನನಗೆ ಹೇಸಿಗೆ ಆಗುತ್ತಿತ್ತು. ಇಷ್ಟು ವರ್ಷದಲ್ಲಿ ಅವನಿಗೆ ಒಂದು ತುತ್ತು ಹಾಕಿದವನಲ್ಲ. ಆ ಪುಟ ಅವರಿಗೆ ತುಂಬಾ ಹಿಡಿಸಿತಂತೆ. ಇಂಟರ್‌ವ್ಯೂ ಮಾಡಿದ ಹೆಂಗಸು ನಿನ್ನ ತಮ್ಮನ ಬಗ್ಗೆಯೇ ಜಾಸ್ತಿ ಕೇಳಿದಳು. ಅವನಿಗೆ ಏನು ಇಷ್ಟ ಅಂದಳು. ನಾನು 'ಕ್ರಿಕೆಟ್' ಅಂದೆ. ಹೌದೋ ಅಲ್ಲವೋ ದೇವರಿಗೇ ಗೊತ್ತು.

ಅಲ್ಲಿನ ಏರ್ಪಾಡು ಹೀಗೆ. ಮೊದಲು ಅಲ್ಲಿ ಹುಡುಗರಿಗೆ ಮಿಲಿಟರಿ ಕಡ್ಡಾಯ ಇತ್ತು. ಬಂದೂಕು ಮುಟ್ಟುವುದಿಲ್ಲ ಅಂದವರು ಆಸ್ಪತ್ರೆಯಲ್ಲೋ ಅಂಗವಿಕಲರ ಹೋಮಿನಲ್ಲೋ ದುಡಿಯಬೇಕಿತ್ತು. 2011ರಲ್ಲಿ ಕಡ್ಡಾಯ ನಿಂತಿತು, ಆ ಹುಡುಗರೂ ನಿಂತರು. ಅವರ ಜಾಗಕ್ಕೆ ಬಂದದ್ದೇ ಈ ಸ್ವಯಂಸೇವೆಯ ಯೋಜನೆ, ಬುಂಡೆಸ್‌ಫ್ರೈವಿಲ್ಲಿಗೆನ್‌ಡೀನ್‌ಸ್ಟ್. ಈ ಹೆಸರು ಒಂದೇ ಉಸಿರಲ್ಲಿ ಹೇಳಲು ಬಂದರೆ ಅರ್ಧ ವೀಸಾ ಸಿಕ್ಕಿದ ಹಾಗೆ. ಉಳಿಯಲು ಒಂದು ರೂಮು, ಊಟ, ವಿಮೆ, ಕೈಖರ್ಚಿಗೆ ಸ್ವಲ್ಪ ದುಡ್ಡು. ಒಂದು ವರ್ಷದಲ್ಲಿ 25 ದಿನ ಪಾಠ. ಉಳಿದದ್ದೆಲ್ಲ ಕೆಲಸ.

ನಾನು ಸೇರಿದ ಹೋಮಿನಲ್ಲಿ ನನಗೆ ಒಪ್ಪಿಸಿದ ಹುಡುಗನಿಗೆ ಹನ್ನೊಂದು ವರ್ಷ. ಅವನ ಹೆಸರು ಹೇಳುವುದಿಲ್ಲ, ಹೊರಗೆ ಹೇಳಬಾರದು ಅಂತ ಮೊದಲ ದಿನವೇ ಸಹಿ ಹಾಕಿಸಿಕೊಂಡಿದ್ದಾರೆ. ಅವನ ಪಾಲಿಗೆ ನಾನು ಎಷ್ಟನೆಯ ವಾಲಂಟಿಯರೋ! ಪ್ರತಿ ಸೆಪ್ಟೆಂಬರ್‌ನಲ್ಲಿ ಹೊಸಬರು ಬರುತ್ತಾರೆ, ಹಳಬರು ಹೋಗುತ್ತಾರೆ. ಹೊಸದಾಗಿ ಸೇರಿದ ಮಾಣಿಯನ್ನು ಹಳೇ ಗಿರಾಕಿ ನೋಡುತ್ತಾನಲ್ಲ, ಹಾಗೆ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಮೇಲೆ ನೋಡಿದರೆ 'ಹೂಂ', ಕಣ್ಣು ಮುಚ್ಚಿದರೆ 'ಬೇಡ'. ಮೊದಲ ವಾರ ಪೂರ್ತಿ ಕಣ್ಣು ಮುಚ್ಚಿಕೊಂಡೇ ಇದ್ದ.

ಅವನಿಗೆ ಊಟ ಮಾಡಿಸಲು ಬಿಡುವ ಮೊದಲು ನನಗೇ ಊಟ ಮಾಡಿಸಿದರು. ಕುರ್ಚಿಯಲ್ಲಿ ಕೂರಿಸಿ, ಕತ್ತು ಹಿಂದಕ್ಕೆ ವಾಲಿಸಿ, ಎದುರು ನಿಂತು ಒಂದು ಚಮಚ ಮೊಸರು. ನೀನೂ ಒಮ್ಮೆ ಮಾಡಿ ನೋಡು. ನುಂಗಲು ಆಗುವುದಿಲ್ಲ, ಗಂಟಲಲ್ಲಿ ಎಲ್ಲೋ ದಾರಿ ತಪ್ಪುತ್ತದೆ. ಆಮೇಲೆ ಕಲಿಸುತ್ತಿದ್ದವಳು ಎದುರಿಗೆ ಸ್ಟೂಲಿನ ಮೇಲೆ ಕೂತಳು. ಅವಳ ಕಣ್ಣು ನನ್ನ ಕಣ್ಣಿಗಿಂತ ಸ್ವಲ್ಪ ಕೆಳಗೆ. ಆಗ ನನ್ನ ಗದ್ದ ತಾನಾಗಿ ಕೆಳಗಿಳಿಯಿತು. ಚಮಚವನ್ನು ಕೆಳತುಟಿಗೆ ಮುಟ್ಟಿಸಿ ಸುಮ್ನೆ ಕಾದಳು. ನಾನೇ ಬಾಯಿ ತೆರೆದೆ. ಚಮಚ ನಾಲಿಗೆಯ ಮೇಲೆ ಮೆಲ್ಲಗೆ ಒತ್ತಿ, ನೇರವಾಗಿ ಹಿಂದಕ್ಕೆ ತೆಗೆದಳು. ಮೇಲ್ತುಟಿಗೆ ಒರೆಸಲಿಲ್ಲ. ಆಮೇಲೆ ಗಂಟಲ ಗಂಟು ಮೇಲೆ ಹೋಗಿ ಕೆಳಗೆ ಬರುವವರೆಗೆ ನೋಡುತ್ತಾ ಕೂತಳು. ಅದು ಕೆಳಗೆ ಬಂದ ಮೇಲೆಯೇ ಎರಡನೇ ಚಮಚ.

ಆ ಹುಡುಗನ ಒಂದು ಬಟ್ಟಲು ಊಟಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ನೀರನ್ನೂ ಒಂದು ಪುಡಿ ಹಾಕಿ ಮಂದ ಮಾಡಿ ಕುಡಿಸಬೇಕು. ತೆಳ್ಳಗಿನ ನೀರು ಬೇಗ ಜಾರುತ್ತದೆ, ಗಂಟಲು ಸಿದ್ಧವಾಗುವ ಮೊದಲೇ ಶ್ವಾಸನಾಳಕ್ಕೆ ಇಳಿಯಬಹುದು. ಅಲ್ಲಿಂದ ಪುಪ್ಪುಸಕ್ಕೆ, ಆಮೇಲೆ ನ್ಯುಮೋನಿಯಾ. ಅವರು ತೀರಾ ಹೆದರುತ್ತಿದ್ದದ್ದು ಇನ್ನೊಂದಕ್ಕೆ. ಒಂದೇ ತುತ್ತಿನಲ್ಲಿ ನೀರೂ ಅಗುಳೂ ಇರುವ ಊಟ. ಬಾಯಿ ಅಗುಳು ಅಗಿಯುತ್ತಿರುವಾಗ ನೀರು ಮೊದಲೇ ಓಡಿಹೋಗುತ್ತದೆ. ಅಂಥ ಸೂಪು ಅವನಿಗೆ ಕೊಡುತ್ತಲೇ ಇರಲಿಲ್ಲ.

ಈಗ ನಿನಗೆ ಗೊತ್ತಾಗಿರಬೇಕು ನಾನು ಎಲ್ಲಿಗೆ ಬರುತ್ತಿದ್ದೇನೆ ಅಂತ. ಸ್ವಲ್ಪ ತಾಳು.

ಪಾಠದ ದಿನಗಳಲ್ಲಿ ಒಂದು ದಿನ ನಮ್ಮನ್ನು ಗ್ರಾಫೆನೆಕ್ ಅನ್ನುವ ಕಡೆ ಕರೆದುಕೊಂಡು ಹೋದರು. ಗುಡ್ಡದ ಮೇಲೆ ಒಂದು ಹಳೇ ಕೋಟೆಮನೆ, ಸುತ್ತ ಕಾಡು. ಮೊದಲು ಅಂಗವಿಕಲರ ಹೋಮೇ ಆಗಿತ್ತು. ಹಿಟ್ಲರನ ಸರ್ಕಾರ ಅದನ್ನು ಕಿತ್ತುಕೊಂಡು, 1940ರ ಒಂದೇ ವರ್ಷದಲ್ಲಿ ಅಲ್ಲಿ 10,654 ಜನರನ್ನು ಗ್ಯಾಸ್ ಬಿಟ್ಟು ಕೊಂದಿತು. ಎಲ್ಲರೂ ಅಂಗವಿಕಲರು, ಮನೋರೋಗಿಗಳು. ಬೂದು ಬಣ್ಣದ ಬಸ್ಸುಗಳಲ್ಲಿ ತಂದರಂತೆ. ಡಾಕ್ಟರುಗಳು ಆ ಜನರ ಮುಖ ನೋಡದೆ, ಫಾರಂ ನೋಡಿ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿದ್ದು. ಆ ಫಾರಂನಲ್ಲಿದ್ದ ಒಂದು ಪ್ರಶ್ನೆ, ಈತ ಏನು ಕೆಲಸ ಮಾಡುತ್ತಾನೆ ಅಂತ. ನನಗೆ ನಿಮ್ಮ ಅಕ್ಕನ ಮದುವೆ ನೆನಪಾಯಿತು. ಊರಿಂದ ಬಂದ ನೆಂಟರೆಲ್ಲ ನಿನ್ನ ತಮ್ಮನ ಬಗ್ಗೆ ನಿನ್ನ ಅಮ್ಮನನ್ನು ಕೇಳಿದ್ದು ಅದನ್ನೇ, 'ಏನಾದ್ರೂ ಕೆಲ್ಸ ಗಿಲ್ಸ ಮಾಡ್ತಾನಾ?' ಎರಡೂ ಒಂದೇ ಅಂತ ಹೇಳುತ್ತಿಲ್ಲ ಮಾರಾಯ. ನೆನಪಾಯಿತು, ಅಷ್ಟೆ.

ಗ್ರಾಫೆನೆಕ್‌ನಲ್ಲಿ ಈಗ ಮತ್ತೆ ಅಂಗವಿಕಲರೇ ಇದ್ದಾರೆ. ಅಲ್ಲೇ ಮನೆ, ಅಲ್ಲೇ ಕೆಲಸ. ಗೇಟಿನ ಹತ್ತಿರ ಒಬ್ಬ ಅಜ್ಜ ನನ್ನ ಕೈ ಕುಲುಕಿ, ಇಂಡಿಯಾದಲ್ಲೂ ಹೀಗೇ ಚಳಿಯಾ ಅಂತ ಕೇಳಿದ.

ವಾಪಸ್ ಬಂದ ಮೇಲೆ ಇಲ್ಲಿ ಒಂದು ಸಂಘದವರು ನನಗೆ ಶಾಲು ಹೊದೆಸಿದರು. 'ವಿದೇಶದಲ್ಲಿ ಅಂಗವಿಕಲ ಮಕ್ಕಳ ಸೇವೆ ಮಾಡಿ ಕನ್ನಡಿಗರ ಹೆಸರು ಉಳಿಸಿದ' ಅಂತ ಮೈಕಿನಲ್ಲಿ ಹೇಳಿದರು. ಹಣ್ಣಿನ ಬುಟ್ಟಿ ಬೇರೆ. ಆ ಸಮಾರಂಭದ ಹಾಲ್‌ನಿಂದ ನಮ್ಮ ಬಿಲ್ಡಿಂಗು ಹತ್ತು ನಿಮಿಷದ ದಾರಿ. ನಿನ್ನ ತಮ್ಮ ನಾಲ್ಕನೇ ಮಾಳಿಗೆಯಲ್ಲಿ, ಲಿಫ್ಟ್ ಇಲ್ಲ. ಗಣೇಶ ಚೌತಿಯಿಂದ ಈಚೆ ಕೆಳಗೆ ಇಳಿದಿಲ್ಲವಂತೆ.

ಆ ಬುಟ್ಟಿ ಹಿಡಿದುಕೊಂಡು ಇವತ್ತು ನಿಮ್ಮ ಮನೆಗೆ ಹೋದೆ. ಈ ಸಲ ಹೊಸ್ತಿಲು ದಾಟಿದೆ. ಅವನು ಎಷ್ಟು ಉದ್ದ ಬೆಳೆದಿದ್ದಾನೋ! ಊಟದ ಹೊತ್ತು. ಅಮ್ಮ ಗೋಡೆಗೊರಗಿ ಕಾಲು ಚಾಚಿ ಕೂತಿದ್ದರು. ಅವನ ತಲೆ ಅವರ ತೊಡೆಯ ಮೇಲೆ, ಮುಖ ಮೇಲಕ್ಕೆ. ಮಗುವಾಗಿದ್ದಾಗ ಹೇಗೆ ಮಲಗಿಸಿಕೊಳ್ಳುತ್ತಿದ್ದರೋ ಹಾಗೇ. ಬಟ್ಟಲಲ್ಲಿ ಕುಚ್ಚಲಕ್ಕಿ ಗಂಜಿ, ಮೇಲಿಂದ ಒಂಚೂರು ತುಪ್ಪ, ಉಪ್ಪಿನಕಾಯಿಯ ರಸ. ತಿಳಿಯೂ ಅಗುಳೂ ಸೇರಿಸಿ ಒಂದೊಂದೇ ಚಮಚ. ಮೂರು ಚಮಚಕ್ಕೆ ಒಮ್ಮೆ ಅವನು ಕೆಮ್ಮುತ್ತಿದ್ದ. ಅಮ್ಮ ನೆತ್ತಿ ತಟ್ಟುತ್ತಿದ್ದರು. 'ಯಾರೋ ನೆನಪು ಮಾಡ್ಕೊಳ್ತಿದ್ದಾರೆ ಇವನನ್ನ, ಪುಣೆಯವನೇ ಇರಬೇಕು' ಅಂತ ನಕ್ಕರು. ಪ್ರತಿ ಮಳೆಗಾಲ ಅವನಿಗೆ ಕಫ ಕಟ್ಟಿ ಆಸ್ಪತ್ರೆ ಸೇರಿಸುತ್ತೀರಲ್ಲ. ಆ ಕೆಮ್ಮಿಗೂ ಇದಕ್ಕೂ ಸಂಬಂಧ ಇರಬಹುದು. ಇಲ್ಲದೆಯೂ ಇರಬಹುದು, ನಾನು ಡಾಕ್ಟರಲ್ಲ. ನನ್ನ ಬಾಯಿಯಿಂದ ಒಂದು ಮಾತೂ ಹೊರಡಲಿಲ್ಲ. ಇಪ್ಪತ್ತನಾಲ್ಕು ವರ್ಷ ಊಟ ಮಾಡಿಸಿದವರಿಗೆ ಒಂದು ವರ್ಷದವನು ಏನು ಹೇಳುವುದು?

ಅಮ್ಮ ಒಂದು ಪ್ರಶ್ನೆ ಕೇಳಿದರು. 'ಅಷ್ಟು ದುಡ್ಡಿರುವ ದೇಶದಲ್ಲಿ ತಾಯಂದಿರು ಮಕ್ಕಳನ್ನ ಹೋಮಿಗೆ ಹಾಕ್ತಾರಾ?' ಆ ಹುಡುಗನ ತಾಯಿ ಎರಡು ವಾರಕ್ಕೊಮ್ಮೆ ಬಂದು ಕರೆದುಕೊಂಡು ಹೋಗುತ್ತಿದ್ದಳು. ವಾಪಸ್ ಬಿಟ್ಟು ಕಾರು ತಿರುಗಿಸಿದ ಮೇಲೆ ಅವನು ಅಳುತ್ತಿದ್ದ, ಅದನ್ನು ಹೇಳಿದೆ. ಅವಳು ರಾತ್ರಿ ನಿದ್ದೆ ಮಾಡುತ್ತಾಳೆ ಅನ್ನುವುದನ್ನು ಹೇಳಲಿಲ್ಲ. ನಿನ್ನ ಅಮ್ಮ ರಾತ್ರಿ ಎಷ್ಟು ಸಲ ಎದ್ದು ಅವನ ಮಗ್ಗುಲು ಬದಲಿಸುತ್ತಾರೆ ಅಂತ ಕೇಳಿದ್ದೀಯಾ? ನಾಲ್ಕು ಸಲ.

ನೀನು ಮಾತಾಡಬೇಕು ಮಾರಾಯ. ನಿನ್ನ ಮಾತು ಅವರು ಕೇಳುತ್ತಾರೆ. ಗಂಜಿ ಬಿಡಿಸು ಅನ್ನಬೇಡ, ಆ ಮನೆಯಲ್ಲಿ ಅದು ನಡೆಯುವ ಮಾತಲ್ಲ. ಅವನು ನುಂಗುವುದನ್ನು ಡಾಕ್ಟರಿಗೆ ಒಮ್ಮೆ ತೋರಿಸೋಣ ಅನ್ನು. ಹಾಜಿ ಅಲಿಯ ಹತ್ತಿರ ಆಲ್ ಇಂಡಿಯಾ ಇನ್‌ಸ್ಟಿಟ್ಯೂಟ್ ಆಫ್ ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಷನ್ ಇದೆ, 1955ರಿಂದ. ಕೇಂದ್ರ ಸರ್ಕಾರದ ಪುನರ್ವಸತಿ ಆಸ್ಪತ್ರೆ. ಮೊದಲು ಅಲ್ಲಿ ಹೋಗಿ ಕೇಳೋಣ. ಹಾಗೇ ನಿರಾಮಯ ವಿಮೆಯದ್ದೂ ವಿಚಾರಿಸು. ನ್ಯಾಷನಲ್ ಟ್ರಸ್ಟ್ ಅನ್ನುವ ಸರ್ಕಾರಿ ಸಂಸ್ಥೆಯದು, ಸೆರೆಬ್ರಲ್ ಪಾಲ್ಸಿ ಇದ್ದವರಿಗೆ ಚಿಕಿತ್ಸೆಯ ಖರ್ಚಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಅಮ್ಮ ಅದರ ಹೆಸರೇ ಕೇಳಿಲ್ಲ ಅಂದರು.

ಅವನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಬೆಲ್ಟ್ ಕಟ್ಟಿ, ನಾಲ್ಕು ಮಾಳಿಗೆ ಇಳಿಸಲು ಇಬ್ಬರು ಸಾಕು. ಒಬ್ಬ ಇಲ್ಲಿದ್ದಾನೆ. ಶನಿವಾರ ರೈಲು ಹಿಡಿದು ಬಾ, ಕಲ್ಯಾಣದಲ್ಲಿ ಇಳಿ, ಬೈಕು ತರುತ್ತೇನೆ. ವಾರದ ದಿನ ಆಸ್ಪತ್ರೆ, ಸೋಮವಾರ ಒಂದು ರಜೆ ಹಾಕು.

ಇನ್ನೊಂದು. ಆ ಹೋಮಿನಲ್ಲಿ ಪ್ರತಿ ಮಗುವಿಗೂ ಒಂದು ಪುಸ್ತಕ ಇತ್ತು. ಹೌದು ಅನ್ನುವುದು ಹೇಗೆ, ಬೇಡ ಅನ್ನುವುದು ಹೇಗೆ, ಯಾವ ಬದಿ ಮಲಗಿದರೆ ನಿದ್ದೆ, ಯಾವ ಹಾಡಿಗೆ ನಗು, ಎಲ್ಲ ಬರೆದಿರುತ್ತಿತ್ತು. ನಿನ್ನ ತಮ್ಮನದು ಪೂರ್ತಿ ಅಮ್ಮನ ತಲೆಯಲ್ಲಿದೆ, ಬೇರೆಲ್ಲೂ ಇಲ್ಲ. ಬರುವ ದಾರಿಯಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ತಗೊಂಡೆ. ಇವತ್ತು ಒಂದು ಗಂಟೆಯಲ್ಲಿ ನಾನು ಕಂಡುಕೊಂಡದ್ದು ಒಂದೇ ಸಾಲು. 'ನಾಲಿಗೆ ಲೊಚ್ ಅಂದರೆ ನೀರು ಬೇಕು.'

ಎರಡು ಸಲ ಲೊಚ್ ಲೊಚ್ ಅಂದ, ನಾನು ಹೊರಡುವಾಗ. ಅದು ಏನು, ನಿನಗೆ ಗೊತ್ತಾ?

ನಿನ್ನ,
ಎರಡನೇ ಮಾಳಿಗೆಯವನು