ಜಗಳೂರು ಕಡೆಗೂ ಇಂಥ ಕ್ಯಾಂಪ್ ಬರ್ಲಿ

ಸಂಪಾದಕರೇ,

ರಜಕ್ಕೆ ದಾಂಡೇಲಿ ಕಡೆ ಕಾಳಿ ನದಿ ದಡದಲ್ಲಿ ಊರಿನವರೇ ಸೇರಿ ನಡೆಸೋ ಸಣ್ಣ ಕ್ಯಾಂಪಲ್ಲಿ ಇದ್ದು ಬಂದ್ವಿ. ಎಸಿ ಇಲ್ಲ, ಟಿವಿ ಇಲ್ಲ, ಸೆಗಣಿ ಸಾರಿಸಿದ ನೆಲ, ಸ್ನಾನಕ್ಕೆ ಹಂಡೆ ನೀರು, ನೆಟ್‌ವರ್ಕ್ ಅಂತೂ ಕೇಳ್ಲೇಬೇಡಿ (ನಮ್ಮ ಹುಡುಗ್ರು ಮುಖ ಊದಿಸ್ಕೊಂಡಿದ್ರು). ಊಟಕ್ಕೆ ಅಲ್ಲಿನ ಕುಣಬಿ ಸಮುದಾಯದ ಹೆಂಗಸರು ಮಾಡಿದ ಗೆಡ್ಡೆ ಪಲ್ಯ, ನಮ್ಮ ಬೆಣ್ಣೆ ದೋಸೆ ಮರೆತೇ ಹೋಯ್ತು ಅಂದ್ರೆ ಸುಳ್ಳಾಗುತ್ತೆ ಬಿಡಿ, ಆದ್ರೆ ಎರಡೆರಡು ಸಲ ಹಾಕಿಸ್ಕೊಂಡ್ವಿ. ಬೆಳಿಗ್ಗೆ ಬಂಡೆ ಮೇಲೆ ನೀರುನಾಯಿ ಮೀನನ್ನ ಮುಂಗಾಲಲ್ಲಿ ಅದುಮಿ ಹಿಡ್ಕೊಂಡು ಕರಕರ ಅಂತ ತಿಂತಿತ್ತು.

ಸಫಾರಿಲಿ ಹುಲಿ ಕಾಣ್ಲಿಲ್ಲ. ಆದ್ರೆ ಅದೇ ಊರಿನ ಗೈಡ್ ಹುಡುಗ ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್) ಗೂಡಿರೋ ಮರ ತೋರಿಸಿದ, ಹೆಣ್ಣು ಪೊಟರೆ ಒಳಗೆ ಕೂತು ಬಾಗಿಲು ಮೆತ್ಕೊಳ್ಳುತ್ತೆ, ಗಂಡು ಸಣ್ಣ ಸಂದಿಲಿ ಹಣ್ಣು ಕೊಡುತ್ತೆ ಅಂತ ಅವ್ನು ಹೇಳ್ತಿದ್ರೆ ಯಾರೂ ಮೊಬೈಲ್ ನೋಡ್ಲಿಲ್ಲ. ರಾತ್ರಿ ಮಾತ್ರ ಆಚೆ ದಡದ ದೊಡ್ಡ ರೆಸಾರ್ಟಿನ ಡಿಜೆ ಕಾಟ, ಕಾಡಲ್ಲಿ ಅದ್ಯಾಕೋ ಗೊತ್ತಿಲ್ಲ.

ನಮ್ಮ ದಾವಣಗೆರೆ ಜಿಲ್ಲೇಲೇ ಜಗಳೂರು ತಾಲೂಕಲ್ಲಿ ರಂಗಯ್ಯನದುರ್ಗ ಕೊಂಡುಕುರಿ ವನ್ಯಧಾಮ ಇದೆ, 2011ರಲ್ಲಿ ಘೋಷಣೆ ಆಗಿದ್ದು. ನಾಲ್ಕು ಕೊಂಬಿನ ಈ ಪ್ರಾಣಿ ಭಾರತ, ನೇಪಾಳ ಬಿಟ್ರೆ ಬೇರೆಲ್ಲೂ ಇಲ್ಲ, ಆದ್ರೆ ನಮ್ಮ ಸಿಟಿಯ ಎಷ್ಟೋ ಜನಕ್ಕೆ ಅದು ಇರೋದೇ ಗೊತ್ತಿಲ್ಲ. ಕಾಡಿನ ಹೊರಗೆ, ಅಂಚಿನ ಹಳ್ಳಿಗಳಲ್ಲಿ ನಾಲ್ಕೈದು ಕೋಣೆ ಸಾಕು, ಹೊಳೆ ಬೇಕು ಅನ್ನೋರಿಗೆ ಹೊನ್ನಾಳಿ ಕಡೆ ತುಂಗಭದ್ರೆ ಇದ್ದೇ ಇದೆ. ಅಡುಗೆ, ಗೈಡ್ ಕೆಲಸ ಅಲ್ಲಿನವರಿಗೇ ಕೊಡ್ಲಿ, ಹೊರಗಿನ ಕಂಟ್ರಾಕ್ಟರಿಗೆ ಟೆಂಡರ್ ಕೊಟ್ರೆ ಮಾತ್ರ ಬೇಡವೇ ಬೇಡ.

– ಒಬ್ಬ ಓದುಗ, ದಾವಣಗೆರೆ